ಅಮೆರಿಕದ ರಾಜ್ಯಗಳ ವಿಕಿರಣ ನಿಯಂತ್ರಣದ ಮೇಲೆ ಫೆಡರಲ್ ನಿಗಾ: ಪರಿಶೀಲನಾ ವರದಿಯನ್ನು ಓದುವ ಕ್ರಮ

ಅಮೆರಿಕದಲ್ಲಿ ವಿಕಿರಣಶೀಲ ವಸ್ತುಗಳನ್ನು ಬಳಸುವ ಆಸ್ಪತ್ರೆ, ಕಾರ್ಖಾನೆ, ಪ್ರಯೋಗಾಲಯ ಮತ್ತು ರಸ್ತೆ ಕಾಮಗಾರಿಯ ಕಂಪನಿಗಳ ಪೈಕಿ ಶೇ. 80ಕ್ಕಿಂತ ಹೆಚ್ಚಿನವಕ್ಕೆ ಪರವಾನಗಿ ಕೊಡುವುದೂ ಅವುಗಳ ತಪಾಸಣೆ ನಡೆಸುವುದೂ ಫೆಡರಲ್ ಸರ್ಕಾರವಲ್ಲ, ಆಯಾ ರಾಜ್ಯದ ಆರೋಗ್ಯ ಅಥವಾ ಪರಿಸರ ಇಲಾಖೆಯೊಳಗಿನ ಒಂದು ವಿಭಾಗ. ಆ ವಿಭಾಗ ತನ್ನ ಕೆಲಸವನ್ನು ಸರಿಯಾಗಿ ಮಾಡುತ್ತಿದೆಯೇ ಎಂದು ನೋಡುವ ಹೊಣೆ ಮಾತ್ರ ಫೆಡರಲ್ ಸರ್ಕಾರದ ನ್ಯೂಕ್ಲಿಯರ್ ರೆಗ್ಯುಲೇಟರಿ ಕಮಿಷನ್‌ನದು. ಎಲ್ಲರೂ ಅದನ್ನು ಎನ್‌ಆರ್‌ಸಿ ಎಂದೇ ಕರೆಯುತ್ತಾರೆ. ಈ ನಿಗಾದ ಫಲವಾಗಿ ಬರುವ ವರದಿಗಳು ಸಾರ್ವಜನಿಕ ದಾಖಲೆಗಳು. ಆದರೂ ಪರವಾನಗಿದಾರರು ಮತ್ತು ಅಧಿಕಾರಿಗಳ ವಲಯದ ಹೊರಗೆ ಅವುಗಳನ್ನು ಓದುವವರು ತೀರ ಕಡಿಮೆ. ಅಂಥ ರಾಜ್ಯವೊಂದರಲ್ಲಿ ವಾಸಿಸುವ, ಅಲ್ಲಿನ ಆಸ್ಪತ್ರೆಯಲ್ಲೋ, ಲೋಹದ ಬೆಸುಗೆಗಳನ್ನು ವಿಕಿರಣದಿಂದ ಪರೀಕ್ಷಿಸುವ ರೇಡಿಯೋಗ್ರಫಿ ಕಂಪನಿಯಲ್ಲೋ ದುಡಿಯುವ ಅಥವಾ ಇದರ ಬಗ್ಗೆ ಬರೆಯಬೇಕೆಂದಿರುವ ಓದುಗರಿಗೆ ಆ ವರದಿಯನ್ನು ಹುಡುಕುವ, ಓದುವ ಮತ್ತು ಅದರ ಆಧಾರದ ಮೇಲೆ ಪ್ರಶ್ನೆ ಕೇಳುವ ದಾರಿಯನ್ನು ಇಲ್ಲಿ ಹಂತಹಂತವಾಗಿ ವಿವರಿಸಲಾಗಿದೆ.

ಒಂದು ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ವರದಿಯ ಕೊನೆಯ ಪುಟದಲ್ಲಿರುವ ಒಟ್ಟಾರೆ ತೀರ್ಪಿಗಿಂತ, ಸಿಬ್ಬಂದಿ ಮತ್ತು ತರಬೇತಿಯನ್ನು ಕುರಿತ ಅಧ್ಯಾಯವೇ ಹೆಚ್ಚಿನದನ್ನು ಹೇಳುತ್ತದೆ. ರಾಜ್ಯವೊಂದರ ನಿಯಂತ್ರಣ ವ್ಯವಸ್ಥೆ ಕುಸಿಯುವುದು ಅಪಘಾತದ ದಿನದಂದಲ್ಲ. ಅದಕ್ಕೂ ಬಹಳ ಮುಂಚೆ, ಖಾಲಿಯಾದ ಹುದ್ದೆಗಳು ಭರ್ತಿಯಾಗದೆ ಉಳಿದ ತಿಂಗಳುಗಳಲ್ಲಿ.

ಮೊದಲು: ನಿಯಂತ್ರಕರು ಯಾರೆಂದು ಗೊತ್ತುಮಾಡಿಕೊಳ್ಳಿ

1954ರ ಪರಮಾಣು ಶಕ್ತಿ ಕಾಯ್ದೆಗೆ 1959ರಲ್ಲಿ 274ನೇ ಸೆಕ್ಷನ್ ಸೇರಿತು. ರಾಜ್ಯದ ಗವರ್ನರ್ ಮತ್ತು ಫೆಡರಲ್ ಆಯೋಗ ಒಂದು ಒಪ್ಪಂದಕ್ಕೆ ಸಹಿ ಹಾಕಿದರೆ, ಕೆಲವು ಬಗೆಯ ವಿಕಿರಣಶೀಲ ವಸ್ತುಗಳ ಮೇಲಿನ ಅಧಿಕಾರವನ್ನು ಆಯೋಗ ಬಿಟ್ಟುಕೊಡಬಹುದು ಎನ್ನುತ್ತದೆ ಈ ಸೆಕ್ಷನ್. ಹೀಗೆ ಸಹಿ ಹಾಕಿದ ಮೊದಲ ರಾಜ್ಯ ಕೆಂಟಕಿ, 1962ರಲ್ಲಿ. 2019ರಲ್ಲಿ ವರ್ಮಾಂಟ್ ಸೇರಿದಾಗ ಇಂಥ ಒಪ್ಪಂದ ರಾಜ್ಯಗಳ ಸಂಖ್ಯೆ 39ಕ್ಕೆ ಏರಿತು. ಉಳಿದ ರಾಜ್ಯಗಳಲ್ಲಿ ಪರವಾನಗಿ ಮತ್ತು ತಪಾಸಣೆ ಇಂದಿಗೂ ಎನ್‌ಆರ್‌ಸಿಯ ಕೈಯಲ್ಲೇ ಇವೆ. ನಿಮ್ಮ ರಾಜ್ಯ ಯಾವ ಗುಂಪಿಗೆ ಸೇರಿದೆ ಎಂಬುದನ್ನು ಎನ್‌ಆರ್‌ಸಿಯ ಜಾಲತಾಣದಲ್ಲಿರುವ ನಕ್ಷೆಯಲ್ಲಿ ಒಂದು ನಿಮಿಷದಲ್ಲಿ ನೋಡಿಕೊಳ್ಳಬಹುದು.

ಒಪ್ಪಂದ ರಾಜ್ಯವಾದರೂ ಎಲ್ಲವೂ ರಾಜ್ಯದ ಕೈಗೆ ಬರುವುದಿಲ್ಲ. ಪರಮಾಣು ವಿದ್ಯುತ್ ಸ್ಥಾವರಗಳು, ಉನ್ನತ ಮಟ್ಟದ ವಿಕಿರಣಶೀಲ ತ್ಯಾಜ್ಯ, ಆಮದು ಮತ್ತು ರಫ್ತು ಹಾಗೂ ಫೆಡರಲ್ ಸಂಸ್ಥೆಗಳು ಎನ್‌ಆರ್‌ಸಿಯ ಬಳಿಯೇ ಉಳಿಯುತ್ತವೆ. ಆದ್ದರಿಂದ ಅದೇ ಊರಿನ ಖಾಸಗಿ ಆಸ್ಪತ್ರೆಗೆ ರಾಜ್ಯದ ಪರವಾನಗಿ ಇದ್ದು, ಮಾಜಿ ಸೈನಿಕರ ಫೆಡರಲ್ ಆಸ್ಪತ್ರೆಗೆ ಎನ್‌ಆರ್‌ಸಿಯ ಪರವಾನಗಿ ಇರುತ್ತದೆ. ಎಕ್ಸ್‌ರೇ ಯಂತ್ರಗಳ ವಿಷಯ ಬೇರೆಯೇ. ಅವುಗಳಲ್ಲಿ ವಿಕಿರಣಶೀಲ ವಸ್ತು ಇಲ್ಲದ ಕಾರಣ ಅವು ಪರಮಾಣು ಶಕ್ತಿ ಕಾಯ್ದೆಯ ವ್ಯಾಪ್ತಿಗೇ ಬರುವುದಿಲ್ಲ. ಒಪ್ಪಂದ ಇರಲಿ ಇಲ್ಲದಿರಲಿ, ಅವುಗಳ ಬಳಕೆಯ ನಿಯಂತ್ರಣ ರಾಜ್ಯದ್ದು. ಯಂತ್ರಗಳ ತಯಾರಿಕೆಯ ಮಾನದಂಡಗಳು ಫೆಡರಲ್ ಆಹಾರ ಮತ್ತು ಔಷಧ ಆಡಳಿತದ್ದು. ಸ್ತನದ ಎಕ್ಸ್‌ರೇ ತಪಾಸಣೆಯಾದ ಮ್ಯಾಮೊಗ್ರಫಿಯ ಗುಣಮಟ್ಟವನ್ನೂ 1992ರ ಪ್ರತ್ಯೇಕ ಕಾಯ್ದೆಯಡಿ ಅದೇ ನೋಡಿಕೊಳ್ಳುತ್ತದೆ. ಎನ್‌ಆರ್‌ಸಿಯ ಪರಿಶೀಲನಾ ವರದಿಯಲ್ಲಿ ದಂತ ಚಿಕಿತ್ಸಾಲಯದ ಎಕ್ಸ್‌ರೇ ಯಂತ್ರದ ಬಗ್ಗೆ ಒಂದು ಮಾತೂ ಸಿಗದಿದ್ದರೆ ಕಾರಣ ಇದೇ. ಅದರ ಬಗ್ಗೆ ತಿಳಿಯಬೇಕಾದವರು ರಾಜ್ಯದ ಇಲಾಖೆಯನ್ನೋ ರಾಜ್ಯ ಶಾಸಕಾಂಗದ ಲೆಕ್ಕಪರಿಶೋಧಕರ ವರದಿಗಳನ್ನೋ ನೋಡಬೇಕು.

ನಂತರ: ನಿಗಾ ಎಷ್ಟು ದೂರ ಹೋಗಬಲ್ಲದು ಎಂದು ತಿಳಿಯಿರಿ

ಇಲ್ಲಿ ಬಹಳ ಮಂದಿ ಎಡವುತ್ತಾರೆ. ಎನ್‌ಆರ್‌ಸಿ ತನ್ನ ಅಧಿಕಾರವನ್ನು ರಾಜ್ಯಕ್ಕೆ ವಹಿಸಿಕೊಟ್ಟು ತನ್ನ ಪರವಾಗಿ ಕೆಲಸ ಮಾಡಿಸುತ್ತಿಲ್ಲ; ಆ ಅಧಿಕಾರವನ್ನು ಅದು ಬಿಟ್ಟೇಕೊಟ್ಟಿದೆ. ರಾಜ್ಯ ತನ್ನದೇ ಕಾನೂನು, ತನ್ನದೇ ನಿಯಮಾವಳಿ, ತನ್ನದೇ ದಂಡದ ಅಧಿಕಾರದಿಂದ ನಡೆದುಕೊಳ್ಳುತ್ತದೆ. ಹೀಗಾಗಿ ರಾಜ್ಯ ಕೊಟ್ಟ ಒಂದು ಪರವಾನಗಿಯ ವಿರುದ್ಧವಾಗಲಿ, ಒಂದು ತಪಾಸಣೆಯ ಫಲಿತಾಂಶದ ವಿರುದ್ಧವಾಗಲಿ ಎನ್‌ಆರ್‌ಸಿಗೆ ಮೇಲ್ಮನವಿ ಸಲ್ಲಿಸಲು ಬರುವುದಿಲ್ಲ. ಎನ್‌ಆರ್‌ಸಿ ಅಳೆಯುವುದು ಇಡೀ ಕಾರ್ಯಕ್ರಮವನ್ನು. 274ನೇ ಸೆಕ್ಷನ್‌ನ ಜೆ ಉಪವಿಭಾಗ ಎರಡು ಮಾತುಗಳನ್ನು ಹೇಳುತ್ತದೆ: ಆಯೋಗ ರಾಜ್ಯದ ಕಾರ್ಯಕ್ರಮವನ್ನು ಕಾಲಕಾಲಕ್ಕೆ ಪರಿಶೀಲಿಸಬೇಕು, ಸಾರ್ವಜನಿಕರ ಆರೋಗ್ಯ ಮತ್ತು ಸುರಕ್ಷತೆಗೆ ಅಗತ್ಯವೆನಿಸಿದರೆ, ನೋಟಿಸ್ ಕೊಟ್ಟು ಅಹವಾಲಿಗೆ ಅವಕಾಶ ನೀಡಿದ ಬಳಿಕ, ಒಪ್ಪಂದವನ್ನು ಪೂರ್ತಿಯಾಗಿ ಅಥವಾ ಭಾಗಶಃ ಅಮಾನತಿನಲ್ಲಿಡಬಹುದು ಇಲ್ಲವೇ ರದ್ದು ಮಾಡಬಹುದು. ತಕ್ಷಣದ ಅಪಾಯ ಎದುರಾಗಿ, ರಾಜ್ಯ ಸಕಾಲದಲ್ಲಿ ಕ್ರಮ ಕೈಗೊಳ್ಳದಿದ್ದರೆ, ನೋಟಿಸ್ ಇಲ್ಲದೆಯೇ ತಾತ್ಕಾಲಿಕವಾಗಿ ಅಮಾನತಿನಲ್ಲಿಡುವ ತುರ್ತು ಅಧಿಕಾರವೂ ಉಂಟು.

ಈ ವ್ಯತ್ಯಾಸ ಮನಸ್ಸಿನಲ್ಲಿದ್ದರೆ ವರದಿಯಿಂದ ಏನನ್ನು ನಿರೀಕ್ಷಿಸಬೇಕು ಎಂಬುದು ಸ್ಪಷ್ಟವಾಗುತ್ತದೆ. ಒಂದು ನಿರ್ದಿಷ್ಟ ಆಸ್ಪತ್ರೆ ಸುರಕ್ಷಿತವೇ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರ ಸಿಗದು. ಆ ಆಸ್ಪತ್ರೆಯನ್ನು ಕಾಯಬೇಕಾದವರಿಗೆ ಕಾಯುವ ಶಕ್ತಿ ಇದೆಯೇ ಎಂಬುದಕ್ಕೆ ಸಿಗುತ್ತದೆ.

ವರದಿಯನ್ನು ಪಡೆಯುವುದು

ಈ ಪರಿಶೀಲನಾ ಪದ್ಧತಿಯ ಹೆಸರು ಇಂಪೆಪ್ (IMPEP, ಇಂಟಿಗ್ರೇಟೆಡ್ ಮೆಟೀರಿಯಲ್ಸ್ ಪರ್ಫಾರ್ಮೆನ್ಸ್ ಇವ್ಯಾಲ್ಯುಯೇಷನ್ ಪ್ರೋಗ್ರಾಂ). 1990ರ ದಶಕದ ನಡುವೆ ಇದು ಜಾರಿಗೆ ಬರುವುದಕ್ಕೆ ಒಂದು ಹಿನ್ನೆಲೆ ಇದೆ. ಎನ್‌ಆರ್‌ಸಿ ತನ್ನ ಸ್ವಂತ ಪ್ರಾದೇಶಿಕ ಕಚೇರಿಗಳನ್ನು ಒಂದು ಅಳತೆಗೋಲಿನಿಂದ, ರಾಜ್ಯಗಳನ್ನು ಇನ್ನೊಂದರಿಂದ ಅಳೆಯುತ್ತಿದೆ, ಹಾಗಾಗಿ ಎರಡೂ ಕಡೆ ಒಂದೇ ಮಟ್ಟದ ರಕ್ಷಣೆ ಇದೆಯೇ ಎಂದು ಹೇಳಲಾಗುತ್ತಿಲ್ಲ ಎಂದು ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆಯಾದ ಜಿಎಒ 1993ರಲ್ಲಿ ಆಕ್ಷೇಪಿಸಿತ್ತು. ಆ ಆಕ್ಷೇಪ ನ್ಯಾಯವಾದದ್ದೇ ಆಗಿತ್ತು. ಈಗ ಎನ್‌ಆರ್‌ಸಿಯ ಪ್ರಾದೇಶಿಕ ಕಚೇರಿಗಳ ಸಾಮಗ್ರಿ ವಿಭಾಗಗಳೂ ಅದೇ ಮಾನದಂಡಗಳ ಪರೀಕ್ಷೆಗೆ ಒಳಗಾಗುತ್ತವೆ, ಮತ್ತು ಪರಿಶೀಲನಾ ತಂಡದಲ್ಲಿ ಎನ್‌ಆರ್‌ಸಿಯವರ ಜೊತೆಗೆ ಬೇರೊಂದು ಒಪ್ಪಂದ ರಾಜ್ಯದ ಅನುಭವಿ ಅಧಿಕಾರಿಯೂ ಇರುತ್ತಾರೆ.

ಸಾಮಾನ್ಯವಾಗಿ 4 ವರ್ಷಕ್ಕೊಮ್ಮೆ ಪರಿಶೀಲನೆ ನಡೆಯುತ್ತದೆ; ಉತ್ತಮ ಸಾಧನೆ ತೋರಿದ ರಾಜ್ಯಕ್ಕೆ ಅವಧಿ ಹೆಚ್ಚಬಹುದು, ಹಿಂದೆ ಬಿದ್ದ ರಾಜ್ಯಕ್ಕೆ ಕಡಿಮೆಯಾಗಬಹುದು. ಎನ್‌ಆರ್‌ಸಿಯ ಜಾಲತಾಣದಲ್ಲಿ ರಾಜ್ಯವಾರು ಪುಟಗಳಿದ್ದು ವರದಿಗಳು ಅಲ್ಲೇ ಸಿಗುತ್ತವೆ. ಇತ್ತೀಚಿನದೊಂದನ್ನೇ ಇಳಿಸಿಕೊಂಡು ತೃಪ್ತರಾಗಬೇಡಿ. ಅದರ ಹಿಂದಿನದ್ದು, ಎರಡರ ನಡುವೆ ನಡೆದ ಮಧ್ಯಾವಧಿ ಸಭೆಯ ಟಿಪ್ಪಣಿ, ಕರಡು ವರದಿಗೆ ರಾಜ್ಯ ಬರೆದ ಉತ್ತರ, ಈ ನಾಲ್ಕನ್ನೂ ಒಟ್ಟಿಗೆ ಇಟ್ಟುಕೊಳ್ಳಿ. ರಾಜ್ಯದ ಉತ್ತರದಲ್ಲಿ ತಾಂತ್ರಿಕ ತಿದ್ದುಪಡಿಗಳ ನಡುವೆ, ಹುದ್ದೆಗಳ ಮಂಜೂರಾತಿ ಎಲ್ಲಿ ನಿಂತಿದೆ, ಶುಲ್ಕ ಏರಿಸುವ ಪ್ರಸ್ತಾವ ಎಲ್ಲಿ ಸಿಕ್ಕಿಕೊಂಡಿದೆ ಎಂಬಂಥ ಮಾತುಗಳು ಕೆಲವೊಮ್ಮೆ ಬಂದುಹೋಗುತ್ತವೆ. ಹೊರಗಿನವರಿಗೆ ಬೇರೆಲ್ಲೂ ಸುಲಭವಾಗಿ ಸಿಗದ ಮಾಹಿತಿ ಅದು.

ಓದುವಾಗ ಸಿಬ್ಬಂದಿಯ ಅಧ್ಯಾಯದಿಂದ ಆರಂಭಿಸಿ

ಎಲ್ಲ ಕಾರ್ಯಕ್ರಮಗಳಿಗೂ ಅನ್ವಯಿಸುವ ಸೂಚಕಗಳು 5: ತಾಂತ್ರಿಕ ಸಿಬ್ಬಂದಿ ಮತ್ತು ತರಬೇತಿ, ತಪಾಸಣೆಗಳು ಎಲ್ಲಿಗೆ ಬಂದಿವೆ ಎಂಬ ಸ್ಥಿತಿ, ತಪಾಸಣೆಯ ಗುಣಮಟ್ಟ, ಪರವಾನಗಿ ಕೆಲಸದ ಗುಣಮಟ್ಟ, ಮತ್ತು ಘಟನೆಗಳು ಹಾಗೂ ದೂರುಗಳನ್ನು ನಿಭಾಯಿಸಿದ ಗುಣಮಟ್ಟ. ಪ್ರತಿಯೊಂದಕ್ಕೂ ತೃಪ್ತಿಕರ, ತೃಪ್ತಿಕರ ಆದರೆ ಸುಧಾರಣೆ ಬೇಕು, ಅತೃಪ್ತಿಕರ ಎಂಬ ಮೂರರಲ್ಲಿ ಒಂದು ಶ್ರೇಣಿ.

ಮೊದಲನೆಯ ಸೂಚಕ ಕೆಟ್ಟರೆ ಉಳಿದ ನಾಲ್ಕೂ ಒಂದೊಂದಾಗಿ ಕೆಡುತ್ತವೆ. ವಿಕಿರಣ ತಪಾಸಕರನ್ನು ನೇಮಿಸಿಕೊಂಡ ಮರುದಿನವೇ ಸ್ಥಳಕ್ಕೆ ಕಳುಹಿಸಲು ಆಗುವುದಿಲ್ಲ. ಭೌತವಿಜ್ಞಾನ ಅಥವಾ ಜೀವವಿಜ್ಞಾನದ ಪದವಿಯ ಮೇಲೆ ಅವರು ಆರೋಗ್ಯ ಭೌತಶಾಸ್ತ್ರ (ವಿಕಿರಣದಿಂದ ಜನರನ್ನು ರಕ್ಷಿಸುವ ಶಾಸ್ತ್ರ), ಪರಮಾಣು ವೈದ್ಯಕೀಯ, ಕೈಗಾರಿಕಾ ರೇಡಿಯೋಗ್ರಫಿ, ಪರವಾನಗಿ ಪ್ರಕ್ರಿಯೆ ಮುಂತಾದ ಕೋರ್ಸ್‌ಗಳನ್ನು ಮುಗಿಸಬೇಕು. ಅನುಭವಿಗಳ ಜೊತೆ ಓಡಾಡಿ, ಪ್ರತಿಯೊಂದು ಬಗೆಯ ಪರವಾನಗಿಗೂ ಪ್ರತ್ಯೇಕವಾಗಿ ಅರ್ಹತೆ ಪಡೆಯಬೇಕು. ಇದಕ್ಕೆ ವರ್ಷಗಳೇ ಹಿಡಿಯುತ್ತವೆ. ಹೀಗೆ ಪಳಗಿದವರನ್ನು ಆಸ್ಪತ್ರೆಗಳೂ ಖಾಸಗಿ ಕಂಪನಿಗಳೂ ಹೆಚ್ಚಿನ ಸಂಬಳಕ್ಕೆ ಕರೆದುಕೊಳ್ಳುತ್ತವೆ. ತರಬೇತಿಯ ಮತ್ತು ಅದಕ್ಕಾಗಿನ ಪ್ರಯಾಣದ ವೆಚ್ಚವನ್ನು ಎನ್‌ಆರ್‌ಸಿ ಭರಿಸುತ್ತದೆ. ಆದರೆ ಸಂಬಳ ಕೊಡುವುದು ರಾಜ್ಯದ ಬೊಕ್ಕಸ ಅಥವಾ ಪರವಾನಗಿ ಶುಲ್ಕ.

ಆದ್ದರಿಂದ ಈ ಅಧ್ಯಾಯದಲ್ಲಿ ಮಂಜೂರಾದ ಹುದ್ದೆಗಳೆಷ್ಟು, ಖಾಲಿಯಾದವೆಷ್ಟು ಎಂಬ ಲೆಕ್ಕದಷ್ಟೇ ಗಮನವನ್ನು ಪ್ರತಿ ಹುದ್ದೆ ಎಷ್ಟು ತಿಂಗಳು ಖಾಲಿ ಇತ್ತು, ಈಗ ಇರುವವರಲ್ಲಿ ಪೂರ್ಣ ಅರ್ಹತೆ ಪಡೆದವರೆಷ್ಟು, ನಿವೃತ್ತಿಯ ಅಂಚಿನಲ್ಲಿರುವವರೆಷ್ಟು ಎಂಬುದಕ್ಕೂ ಕೊಡಿ. ಎಲ್ಲ ಹುದ್ದೆಗಳೂ ತುಂಬಿವೆ, ಆದರೆ ಅರ್ಧದಷ್ಟು ಮಂದಿ ಇನ್ನೂ ತರಬೇತಿಯಲ್ಲಿದ್ದಾರೆ ಎಂದಾದರೆ, ತಪಾಸಣೆಯ ಪೂರ್ಣ ಭಾರ ಉಳಿದ ಅರ್ಧದ ಮೇಲಿದೆ ಎಂದೇ ಅರ್ಥ. ಹಿಂದಿನ ವರದಿಯಲ್ಲೂ ಇದೇ ಸ್ಥಿತಿ ಇದ್ದಿದ್ದರೆ, ತೃಪ್ತಿಕರ ಎಂಬ ಶ್ರೇಣಿ ದೊರೆತಿದ್ದರೂ ನಾನು ಅದನ್ನು ಎಚ್ಚರಿಕೆಯ ಸಂಕೇತವೆಂದೇ ಓದುತ್ತೇನೆ.

ತಪಾಸಣೆಯ ಎರಡು ಅಧ್ಯಾಯಗಳು

ಅಪಾಯ ಹೆಚ್ಚಿದ್ದಷ್ಟೂ ತಪಾಸಣೆಯ ಅಂತರ ಕಡಿಮೆ. ಬೇರೆ ಬೇರೆ ಕಾಮಗಾರಿ ಸ್ಥಳಗಳಿಗೆ ಇರಿಡಿಯಂ-192ರಂಥ ಪ್ರಬಲ ಆಕರವನ್ನು, ಅಂದರೆ ವಿಕಿರಣ ಸೂಸುವ ವಸ್ತುವನ್ನು, ಹೊತ್ತೊಯ್ದು ಬೆಸುಗೆಗಳ ಚಿತ್ರ ತೆಗೆಯುವ ರೇಡಿಯೋಗ್ರಫಿ ಕಂಪನಿಯನ್ನು ವರ್ಷಕ್ಕೊಮ್ಮೆ ನೋಡಬೇಕು. ರಸ್ತೆ ಕಾಮಗಾರಿಯಲ್ಲಿ ಮಣ್ಣಿನ ಸಾಂದ್ರತೆ ಮತ್ತು ತೇವಾಂಶ ಅಳೆಯುವ ಗೇಜ್ ಇಟ್ಟುಕೊಂಡವರನ್ನು 5 ವರ್ಷಕ್ಕೊಮ್ಮೆ ನೋಡಿದರೆ ಸಾಕು. ಹೊಸ ಪರವಾನಗಿ ಪಡೆದವರ ಮೊದಲ ತಪಾಸಣೆ 12 ತಿಂಗಳೊಳಗೆ ನಡೆಯಬೇಕು. ಗಡುವು ಮೀರಿದ ತಪಾಸಣೆಗಳ ಪ್ರಮಾಣವನ್ನು ವರದಿ ಶೇಕಡಾವಾರು ಕೊಡುತ್ತದೆ. ಆ ಸಂಖ್ಯೆಯನ್ನು ಒಡೆದು ನೋಡಿ: ತಡವಾದವು ಯಾವ ಬಗೆಯ ಪರವಾನಗಿಗಳು, ಎಷ್ಟು ತಿಂಗಳು ತಡ? ಗೇಜ್ ಇಟ್ಟುಕೊಂಡವರ ತಪಾಸಣೆ ತಡವಾಗುವುದಕ್ಕೂ ರೇಡಿಯೋಗ್ರಫಿ ಕಂಪನಿಯ ತಪಾಸಣೆ ತಡವಾಗುವುದಕ್ಕೂ ಬಹಳ ಅಂತರವಿದೆ. ತಪಾಸಣೆ ಮುಗಿದ ಮೇಲೆ ಅದರ ಫಲಿತಾಂಶ 30 ದಿನಗಳೊಳಗೆ ಪರವಾನಗಿದಾರರ ಕೈ ಸೇರುತ್ತಿದೆಯೇ ಎಂಬುದನ್ನೂ ತಂಡ ನೋಡುತ್ತದೆ.

ಗುಣಮಟ್ಟವನ್ನು ಕಡತಗಳಿಂದಷ್ಟೇ ಅಳೆಯಲಾಗದು. ಅದಕ್ಕಾಗಿ ಪರಿಶೀಲನಾ ತಂಡದವರು ರಾಜ್ಯದ ತಪಾಸಕರ ಜೊತೆ ಸ್ಥಳಕ್ಕೇ ಹೋಗಿ ಅವರು ಕೆಲಸ ಮಾಡುವ ಬಗೆಯನ್ನು ಕಣ್ಣಾರೆ ನೋಡುತ್ತಾರೆ. ಇಡೀ ಪದ್ಧತಿಯಲ್ಲಿ ಅತ್ಯಂತ ಬೆಲೆಯುಳ್ಳ ಭಾಗ ಇದೆಂದು ನನ್ನ ಭಾವನೆ. ಒಳ್ಳೆಯ ತಪಾಸಕರು ರಿಜಿಸ್ಟರ್ ತಿರುವಿಹಾಕಿ ಹೊರಡುವುದಿಲ್ಲ. ತಂತ್ರಜ್ಞರು ನಿಜವಾಗಿ ಆಕರವನ್ನು ಹೇಗೆ ಹಿಡಿಯುತ್ತಾರೆ, ಅಳತೆಯ ಉಪಕರಣವನ್ನು ಆನ್ ಮಾಡಿ ಓದುತ್ತಾರೆಯೇ, ಬೀಗದ ಕೀಲಿ ಯಾರ ಬಳಿ ಇದೆ ಎಂದು ನಿಂತು ನೋಡುತ್ತಾರೆ, ತಾವೂ ಸ್ವತಂತ್ರವಾಗಿ ಅಳೆಯುತ್ತಾರೆ. ಪ್ರತಿಯೊಬ್ಬ ತಪಾಸಕರ ಜೊತೆ ಅವರ ಮೇಲಧಿಕಾರಿ ವರ್ಷಕ್ಕೊಮ್ಮೆಯಾದರೂ ಹೋಗಿ ನೋಡಬೇಕೆಂಬ ನಿರೀಕ್ಷೆಯೂ ಇದೆ. ಸಿಬ್ಬಂದಿ ಕೊರತೆ ಕಾಡುವ ರಾಜ್ಯದಲ್ಲಿ ಮೊದಲು ಬಿಟ್ಟುಹೋಗುವುದು ಇಂಥ ಕೆಲಸವೇ, ಏಕೆಂದರೆ ಅದು ಬಿಟ್ಟುಹೋದದ್ದು ಹೊರಗಿನ ಯಾರಿಗೂ ಕಾಣುವುದಿಲ್ಲ.

ಪರವಾನಗಿ: ಕೇಳುವವರು ಯಾರೆಂಬ ಪ್ರಶ್ನೆ

ಈ ಅಧ್ಯಾಯದ ಮಹತ್ವ ತಿಳಿಯಲು ಜಿಎಒ ನಡೆಸಿದ ಎರಡು ಪರೀಕ್ಷೆಗಳನ್ನು ನೆನಪಿಡಬೇಕು. 2007ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅದರ ತನಿಖಾಧಿಕಾರಿಗಳು ಅಸ್ತಿತ್ವದಲ್ಲೇ ಇಲ್ಲದ ಕಂಪನಿಯ ಹೆಸರಿನಲ್ಲಿ ಎನ್‌ಆರ್‌ಸಿಗೆ ಅರ್ಜಿ ಹಾಕಿದರು. ಸ್ಥಳ ಭೇಟಿಯೇ ಇಲ್ಲದೆ 28 ದಿನಗಳಲ್ಲಿ ಪರವಾನಗಿ ಸಿಕ್ಕಿತು. ಅದೇ ಬಗೆಯ ಅರ್ಜಿಯನ್ನು ಒಂದು ಒಪ್ಪಂದ ರಾಜ್ಯಕ್ಕೆ ಹಾಕಿದಾಗ, ಅಲ್ಲಿನ ಅಧಿಕಾರಿಗಳು ಸ್ಥಳಕ್ಕೆ ಬಂದು ನೋಡುತ್ತೇವೆ ಎಂದ ಕಾರಣ ತನಿಖಾಧಿಕಾರಿಗಳೇ ಅರ್ಜಿಯನ್ನು ಹಿಂತೆಗೆದುಕೊಂಡರು. ಅಂದರೆ ಆ ಸಲ ರಾಜ್ಯವೇ ಫೆಡರಲ್ ಸಂಸ್ಥೆಗಿಂತ ಎಚ್ಚರವಾಗಿತ್ತು. 2016ರ ವರದಿಯ ಹೊತ್ತಿಗೆ ಎನ್‌ಆರ್‌ಸಿ ನಿಯಮಗಳನ್ನು ಬಿಗಿಗೊಳಿಸಿತ್ತು. ಮೂರು ಯತ್ನಗಳಲ್ಲಿ ಎರಡು ವಿಫಲವಾದವು, ಆದರೆ ಒಂದು ಒಪ್ಪಂದ ರಾಜ್ಯದಲ್ಲಿ ನಕಲಿ ಕಂಪನಿಗೆ ಪರವಾನಗಿ ದೊರೆಯಿತು. ಅದನ್ನು ಬಳಸಿ ಇನ್ನಷ್ಟು ಅಪಾಯಕಾರಿ ಪ್ರಮಾಣಕ್ಕೆ ಬೇಡಿಕೆ ಸಲ್ಲಿಸಲು ಸಾಧ್ಯ ಎಂದು ತೋರಿಸಿದ ತನಿಖಾಧಿಕಾರಿಗಳು ವಸ್ತುವನ್ನು ಮಾತ್ರ ಕೈಗೆ ತೆಗೆದುಕೊಳ್ಳಲಿಲ್ಲ.

ಹಾಗಾಗಿ ವರದಿಯಲ್ಲಿ ಪರವಾನಗಿಗೆ ಮುಂಚಿನ ಸ್ಥಳ ಭೇಟಿಯ ಪ್ರಸ್ತಾಪವನ್ನು ಹುಡುಕಿ. ಅಪರಿಚಿತ ಅರ್ಜಿದಾರರ ಬಳಿಗೆ ಅಧಿಕಾರಿಗಳು ಹೋಗಿದ್ದಾರೆಯೇ, ಹೋದಾಗ ಏನು ನೋಡಿದರು ಎಂಬುದು ದಾಖಲಾಗಿದೆಯೇ, ಹೆಚ್ಚಿನ ಅಪಾಯದ ಆಕರಗಳಿಗೆ ಭದ್ರತಾ ಷರತ್ತುಗಳನ್ನು ವಿಧಿಸಲಾಗಿದೆಯೇ ಎಂಬುದೇ ಇಲ್ಲಿನ ತಿರುಳು. ನವೀಕರಣದ ಅರ್ಜಿಗಳು ರಾಶಿ ಬಿದ್ದಿವೆ ಎಂಬ ಸಾಲು ಕಂಡರೆ ಮತ್ತೆ ಸಿಬ್ಬಂದಿಯ ಅಧ್ಯಾಯಕ್ಕೆ ಹೋಗಿ ತಾಳೆ ನೋಡಿ.

ಘಟನೆಗಳು, ದೂರುಗಳು, ನಿಯಮಾವಳಿ

ಕಳುವಾದ ಗೇಜ್, ರೋಗಿಗೆ ತಪ್ಪು ಪ್ರಮಾಣದಲ್ಲಿ ಹೋದ ವಿಕಿರಣ, ಕಾರ್ಮಿಕರಿಗೆ ಮಿತಿ ಮೀರಿ ತಗುಲಿದ ವಿಕಿರಣ ಇಂಥವು ರಾಜ್ಯದ ಮೂಲಕ ಎನ್‌ಆರ್‌ಸಿಯ ರಾಷ್ಟ್ರೀಯ ದಾಖಲೆಗೆ ಸೇರಬೇಕು. ಗಂಭೀರವಾದವನ್ನು 24 ಗಂಟೆಗಳೊಳಗೆ ತಿಳಿಸಬೇಕು. ದೈನಂದಿನ ಘಟನಾ ಸೂಚನೆಗಳು ಎನ್‌ಆರ್‌ಸಿಯ ಜಾಲತಾಣದಲ್ಲಿ ಎಲ್ಲರಿಗೂ ಲಭ್ಯ. ಅವುಗಳಲ್ಲಿ ನಿಮ್ಮ ರಾಜ್ಯದ ಹೆಸರನ್ನು ಹುಡುಕಿ, ಪರಿಶೀಲನೆಯ ಅವಧಿಯಲ್ಲಿ ಏನೇನು ವರದಿಯಾಗಿತ್ತು ಎಂದು ಪಟ್ಟಿ ಮಾಡಿಕೊಂಡು, ನಂತರ ಈ ಅಧ್ಯಾಯವನ್ನು ಓದಿ. ಹೆಚ್ಚು ಘಟನೆಗಳು ವರದಿಯಾದ ರಾಜ್ಯವೇ ಕೆಟ್ಟದ್ದೆಂದು ತೀರ್ಮಾನಿಸಬೇಡಿ. ನೂರಾರು ಪರವಾನಗಿದಾರರಿರುವ ರಾಜ್ಯದಿಂದ ವರ್ಷಗಟ್ಟಲೆ ಒಂದೂ ಸೂಚನೆ ಬಾರದಿದ್ದರೆ ಅದೇ ಹೆಚ್ಚು ಕಳವಳದ ವಿಷಯ.

ನಿಯಮಾವಳಿಯ ಅಧ್ಯಾಯ ಒಣ ಓದು, ಆದರೂ ಒಂದು ಅಂಶ ತಿಳಿದಿರಲಿ. ರಾಜ್ಯದ ನಿಯಮಗಳು ಫೆಡರಲ್ ನಿಯಮಗಳೊಂದಿಗೆ ಹೊಂದಿಕೊಳ್ಳಬೇಕು. ಸಾರ್ವಜನಿಕರಿಗೆ ಪರವಾನಗಿದಾರರ ಚಟುವಟಿಕೆಯಿಂದ ವರ್ಷಕ್ಕೆ 1 ಮಿಲಿಸೀವರ್ಟ್ (ದೇಹಕ್ಕೆ ತಗುಲುವ ವಿಕಿರಣದ ಪ್ರಮಾಣವನ್ನು ಅಳೆಯುವ ಮಾನ), ವಿಕಿರಣದ ಕೆಲಸಗಾರರಿಗೆ ವರ್ಷಕ್ಕೆ 50 ಮಿಲಿಸೀವರ್ಟ್ ಎಂಬಂಥ ಮೂಲ ಮಿತಿಗಳನ್ನು ಇದ್ದಂತೆಯೇ ಅಳವಡಿಸಿಕೊಳ್ಳಬೇಕು. ಇನ್ನು ಕೆಲವು ವಿಷಯಗಳಲ್ಲಿ ಉದ್ದೇಶ ಈಡೇರಿದರೆ ಸಾಕು, ರಾಜ್ಯ ಹೆಚ್ಚು ಬಿಗಿಯಾದ ನಿಯಮವನ್ನೂ ಮಾಡಬಹುದು. ಹೊಸ ಫೆಡರಲ್ ನಿಯಮ ಜಾರಿಗೆ ಬಂದ ಮೇಲೆ ಅಳವಡಿಕೆಗೆ ಸಾಮಾನ್ಯವಾಗಿ 3 ವರ್ಷ ಕಾಲಾವಕಾಶ. ಯುರೇನಿಯಂ ಸಂಸ್ಕರಣೆ, ಕೆಳಮಟ್ಟದ ತ್ಯಾಜ್ಯದ ವಿಲೇವಾರಿ, ಭದ್ರ ಕವಚದೊಳಗೆ ಮುಚ್ಚಿದ ಆಕರಗಳ ವಿನ್ಯಾಸ ಪರೀಕ್ಷೆ ಇವುಗಳಿಗೆ ಪ್ರತ್ಯೇಕ ಸೂಚಕಗಳಿದ್ದು, ಆ ಅಧಿಕಾರ ಪಡೆದ ರಾಜ್ಯಗಳಿಗೆ ಮಾತ್ರ ಅವು ಅನ್ವಯಿಸುತ್ತವೆ.

ತೀರ್ಪು ಮತ್ತು ಅದರ ನಂತರದ ಮೆಟ್ಟಿಲುಗಳು

ಪರಿಶೀಲನಾ ತಂಡ ಶಿಫಾರಸು ಮಾಡುತ್ತದೆ. ತೀರ್ಮಾನಿಸುವುದು ಎನ್‌ಆರ್‌ಸಿಯ ಹಿರಿಯ ಅಧಿಕಾರಿಗಳ ಪರಿಶೀಲನಾ ಮಂಡಳಿ. ಅದರಲ್ಲಿ ಒಪ್ಪಂದ ರಾಜ್ಯಗಳ ಪ್ರತಿನಿಧಿಯೂ ಕೂರುತ್ತಾರೆ. ಕಾರ್ಯಕ್ರಮ ಸಾರ್ವಜನಿಕರ ಆರೋಗ್ಯ ಮತ್ತು ಸುರಕ್ಷತೆಯನ್ನು ಕಾಯಲು ಸಮರ್ಪಕವೇ, ಎನ್‌ಆರ್‌ಸಿಯ ಕಾರ್ಯಕ್ರಮದೊಂದಿಗೆ ಹೊಂದಿಕೊಳ್ಳುತ್ತದೆಯೇ ಎಂಬ ಎರಡು ಪ್ರಶ್ನೆಗಳಿಗೆ ಮಂಡಳಿ ಉತ್ತರ ಕೊಡುತ್ತದೆ.

ಉತ್ತರ ಚೆನ್ನಾಗಿಲ್ಲದಿದ್ದರೆ ಮೆಟ್ಟಿಲು ಮೆಟ್ಟಿಲಾಗಿ ಕ್ರಮ ಏರುತ್ತದೆ. ಸೌಮ್ಯವಾದದ್ದು ಮೇಲ್ವಿಚಾರಣೆ. ಅದರ ಮೇಲಿನದು ಬಿಗಿ ನಿಗಾ. ಆಗ ರಾಜ್ಯ ಲಿಖಿತ ಸುಧಾರಣಾ ಯೋಜನೆ ಕೊಡಬೇಕು ಮತ್ತು ನಿಯತವಾಗಿ ದೂರವಾಣಿ ಸಭೆಗಳಲ್ಲಿ ಪ್ರಗತಿ ಒಪ್ಪಿಸಬೇಕು. ಅದೂ ಸಾಲದಾದರೆ ಪ್ರೊಬೇಷನ್. ಇದು ಆಯೋಗದ ಮಟ್ಟದಲ್ಲೇ ಆಗುವ ನಿರ್ಧಾರವಾಗಿದ್ದು, ಗವರ್ನರ್‌ಗೆ ಪತ್ರ ಹೋಗುತ್ತದೆ, ಸಾರ್ವಜನಿಕ ಪ್ರಕಟಣೆ ಹೊರಡುತ್ತದೆ. ಜಾರ್ಜಿಯಾ ರಾಜ್ಯ 2013ರಲ್ಲಿ ಈ ಸ್ಥಿತಿಗೆ ಬಂದಿತ್ತು. ಕೊನೆಯವು ಅಮಾನತು ಮತ್ತು ರದ್ದು. ರಾಜ್ಯವೇ ಅಧಿಕಾರವನ್ನು ಹಿಂದಿರುಗಿಸುವುದೂ ಉಂಟು. ಐಡಹೊ 1991ರಲ್ಲಿ ಹಾಗೆ ಮಾಡಿತು.

ಪ್ರೊಬೇಷನ್‌ವರೆಗೆ ಹೋದರೆ ಪತ್ರಿಕೆಗಳು ಬರೆಯುತ್ತವೆ. ಬಿಗಿ ನಿಗಾದ ಹಂತದಲ್ಲಿ ಬಹುತೇಕ ಯಾರೂ ಗಮನಿಸುವುದಿಲ್ಲ, ಆದರೆ ಸಾರ್ವಜನಿಕರ ಮಾತಿಗೆ ಹೆಚ್ಚು ಬಲವಿರುವುದು ಅಲ್ಲಿಯೇ, ಏಕೆಂದರೆ ಕೆಡುಕು ಇನ್ನೂ ತಿದ್ದುವ ಸ್ಥಿತಿಯಲ್ಲಿರುತ್ತದೆ.

ನೀವು ಮಾಡಬಹುದಾದದ್ದು

ಪರಿಶೀಲನಾ ಮಂಡಳಿಯ ಸಭೆ ಸಾರ್ವಜನಿಕರಿಗೆ ತೆರೆದಿರುತ್ತದೆ. ದಿನಾಂಕವನ್ನು ಎನ್‌ಆರ್‌ಸಿಯ ಸಭೆಗಳ ಪಟ್ಟಿಯಲ್ಲಿ ನೋಡಿ, ದೂರದಿಂದಲೇ ಸೇರಿಕೊಳ್ಳಬಹುದೇ ಎಂದು ವಿಚಾರಿಸಿ. ಅದಕ್ಕಿಂತ ಹೆಚ್ಚಿನ ಪರಿಣಾಮ ಬೀರುವ ಜಾಗ ರಾಜ್ಯದ ಶಾಸಕಾಂಗದ ಬಜೆಟ್ ಸಮಿತಿ. ಹುದ್ದೆ ಮಂಜೂರು ಮಾಡುವುದು, ತಪಾಸಕರ ಸಂಬಳದ ಶ್ರೇಣಿಯನ್ನು ಬದಲಿಸುವುದು, ಪರವಾನಗಿ ಶುಲ್ಕ ಬೇರೆಡೆಗೆ ಹೋಗದಂತೆ ತಡೆಯುವುದು ಶಾಸಕರ ಕೈಯಲ್ಲಿವೆ. ಎನ್‌ಆರ್‌ಸಿ ಇವುಗಳಲ್ಲಿ ಒಂದನ್ನೂ ಮಾಡಲಾರದು. ನಿಮ್ಮ ಶಾಸಕರಿಗೆ ಪತ್ರ ಬರೆಯುವಾಗ ಸಾಮಾನ್ಯ ಆತಂಕವನ್ನು ಬರೆಯಬೇಡಿ. ವರದಿಯ ಪುಟಸಂಖ್ಯೆ ಕೊಟ್ಟು, ಇಂಥ ಹುದ್ದೆ ಇಷ್ಟು ತಿಂಗಳು ಖಾಲಿ ಇತ್ತು ಎಂದಿದೆ, ಈಗ ಭರ್ತಿಯಾಗಿದೆಯೇ ಎಂದು ಕೇಳಿ.

ಕೆಲಸದ ಸ್ಥಳದಲ್ಲಿ ಸುರಕ್ಷತೆಯ ಲೋಪ ಕಂಡವರು ಮೊದಲು ರಾಜ್ಯದ ವಿಕಿರಣ ನಿಯಂತ್ರಣ ಕಚೇರಿಗೆ ದೂರು ಕೊಡಬೇಕು. ಒಪ್ಪಂದ ರಾಜ್ಯದ ಪರವಾನಗಿದಾರರ ಬಗೆಗಿನ ದೂರನ್ನು ಎನ್‌ಆರ್‌ಸಿಗೆ ಕೊಟ್ಟರೂ ಅದು ಸಾಮಾನ್ಯವಾಗಿ ರಾಜ್ಯಕ್ಕೇ ಬರುತ್ತದೆ. ದೂರು ರಾಜ್ಯದ ಕಚೇರಿಯ ಕಾರ್ಯವೈಖರಿಯ ಬಗ್ಗೆಯೇ ಆಗಿದ್ದರೆ, ಅಂದರೆ ತಿಳಿಸಿದರೂ ಅವರು ಸ್ಥಳಕ್ಕೆ ಬರಲಿಲ್ಲ, ಉತ್ತರಿಸಲಿಲ್ಲ ಎಂದಾದರೆ, ಅದನ್ನು ನೇರವಾಗಿ ಎನ್‌ಆರ್‌ಸಿಗೆ ಬರೆಯಬಹುದು. ದಿನಾಂಕ, ಸ್ಥಳ, ಆಕರದ ಬಗೆ, ನೀವು ಕಣ್ಣಾರೆ ಕಂಡದ್ದು ಯಾವುದು ಮತ್ತು ಇತರರಿಂದ ಕೇಳಿದ್ದು ಯಾವುದು ಎಂಬುದನ್ನು ಬೇರೆಬೇರೆಯಾಗಿ ಬರೆಯಿರಿ. ಹೆಸರನ್ನು ಗೋಪ್ಯವಾಗಿಡುವ ಬಗ್ಗೆ ಆರಂಭದಲ್ಲೇ ಕೇಳಿ. ಮತ್ತು ರಾಜ್ಯಕ್ಕೆ ಮೊದಲು ಕೊಟ್ಟ ದೂರಿನ ಪ್ರತಿಯನ್ನೂ ಅದು ತಲುಪಿದ ದಿನಾಂಕವನ್ನೂ ಜೊತೆಗೆ ಲಗತ್ತಿಸಿ, ಏಕೆಂದರೆ ಮುಂದಿನ ಪರಿಶೀಲನೆಗೆ ಬರುವ ತಂಡ ರಾಜ್ಯದ ದೂರು ಕಡತಗಳನ್ನು ತೆರೆದಾಗ ಹುಡುಕುವುದು ದೂರು ರಾಜ್ಯಕ್ಕೆ ತಲುಪಿದ ದಿನದಿಂದ ನೀವು ಎನ್‌ಆರ್‌ಸಿಗೆ ಬರೆದ ದಿನದವರೆಗೆ ಏನಾಯಿತು ಎಂಬುದನ್ನೇ.